ಅಟ್ಟದಲ್ಲಿಟ್ಟ ಕೈ

ನಾನು ಓದು ನಿಲ್ಲಿಸಿದ್ದು ೧೯೭೮ರಲ್ಲಿ. ಏಳನೇ ಕ್ಲಾಸಿನ ಪರೀಕ್ಷೆ ಬರೆದು, ಪಾಸೂ ಆಗಿ, ಬೇಸಿಗೆ ರಜೆಯಲ್ಲಿ ಚಿಕ್ಕಪ್ಪನ ಜೊತೆ ಕೊಬ್ಬರಿ ಸುಲಿಯಲು ಹೋದವನು ಮತ್ತೆ ಸ್ಕೂಲಿನ ಕಡೆ ತಿರುಗಲಿಲ್ಲ. ಯಾರೂ ಬಿಡಿಸಲಿಲ್ಲ, ಮನೆಯಲ್ಲಿ ಅಂಥ ಕಷ್ಟವೂ ಇರಲಿಲ್ಲ. ಮೇಷ್ಟ್ರು ಮನೆಯ ತನಕ ಬಂದು ಕರೆದರು. ನಾನು ಅಟ್ಟ ಹತ್ತಿ ಕಾಯಿಗಳ ಹಿಂದೆ ಕೂತುಬಿಟ್ಟೆ. ಅಲ್ಲಿನ ಬೆಚ್ಚಗಿನ ಕತ್ತಲೆ, ಹೆಂಚಿನ ಸಂದಿಯಿಂದ ಇಳಿಯುವ ಬಿಸಿಲಿನ ಕೋಲು, ಅದರೊಳಗೆ ಅವಸರವಿಲ್ಲದೆ ತೇಲುವ ನಾರಿನ ಧೂಳು. ಕೆಳಗೆ ಮೇಷ್ಟ್ರು ಅಪ್ಪನ ಹತ್ತಿರ ಮಾತಾಡುವುದು ಕೆರೆಯ ಆಚೆ ದಡದಿಂದ ಕೇಳಿಸಿದ ಹಾಗೆ ಕೇಳುತ್ತಿತ್ತು. ಅವರು ಹೋದ ಮೇಲೂ ನಾನು ಇಳಿಯಲಿಲ್ಲ. ನಿದ್ದೆ ಬಂದಿತ್ತು.

ನಮ್ಮ ಕಡೆ ಕೊಬ್ಬರಿಯನ್ನು ಬಿಸಿಲಿಗೆ ಹಾಕಿ ಒಣಗಿಸುವುದಿಲ್ಲ. ಬಲಿತ ಕಾಯನ್ನು ಹೊರಗಿನ ನಾರಿನ ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಮರೆತುಬಿಡುತ್ತೇವೆ. ಹೆಚ್ಚುಕಡಿಮೆ ಒಂದು ವರ್ಷ. ಒಳಗಿನ ನೀರು ತಾನೇ ಇಂಗುತ್ತದೆ, ತಿರುಳು ತಾನೇ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಆಮೇಲೆ ಇಳಿಸಿ, ಮಟ್ಟೆ ತೆಗೆದು, ಚಿಪ್ಪನ್ನು ಒಡೆದರೆ ಕೊಬ್ಬರಿ ಉಂಡೆಯಾಗಿ ಕೈಗೆ ಬರುತ್ತದೆ. ನಡುವೆ ಆಸೆಪಟ್ಟು ಒಡೆದವನಿಗೆ ಕಾಯಿಯೂ ಇಲ್ಲ, ಕೊಬ್ಬರಿಯೂ ಇಲ್ಲ. ಆದ್ದರಿಂದ ಅಟ್ಟದ ಕಾಯನ್ನು ಮುಟ್ಟಬೇಡ ಅನ್ನುವುದು ನಮ್ಮಲ್ಲಿ ಹಾಲು ಕುಡಿಯುವಾಗಲೇ ಕಲಿಸುವ ಮಾತು.

ಚಿಪ್ಪು ಒಡೆಯುವುದು ನನ್ನ ಕೆಲಸ. ಎಡಗೈ ಅಂಗೈಯಲ್ಲಿ ಕಾಯಿ, ಬಲಗೈಯಲ್ಲಿ ಸಣ್ಣ ಮಚ್ಚು. ಮೊದಲು ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಬೇಕು. ಒಳಗೆ ಉಂಡೆ ಗಟಗಟ ಅಂದರೆ ಸರಿ, ನೀರು ಕುಲುಕಿದರೆ ಪಕ್ಕಕ್ಕೆ. ಆಮೇಲೆ ಮಚ್ಚಿನ ಹಿಂಬದಿಯಿಂದ ಏಟು. ಚಿಪ್ಪು ಬಿರಿಯಬೇಕು, ಉಂಡೆಗೆ ಗಾಯವಾಗಬಾರದು. ಎಷ್ಟು ಜೋರು ಎಂದು ಹೇಳಿಕೊಡಲು ಬರುವುದಿಲ್ಲ. ಚಿಕ್ಕಪ್ಪ ನನಗೆ ಹೇಳಿಕೊಡಲೂ ಇಲ್ಲ. ಪಕ್ಕದಲ್ಲಿ ಕೂರಿಸಿಕೊಂಡ, ಅಷ್ಟೇ. ಆ ಬೇಸಿಗೆ ಕಳೆದು ಮಳೆ ಹಿಡಿಯುವ ಹೊತ್ತಿಗೆ ನನ್ನ ಕೈಗೆ ಅದು ಬಂದಿತ್ತು. ಹೇಗೆ ಬಂತು, ಯಾವತ್ತು ಬಂತು ಎಂದು ಇವತ್ತಿಗೂ ಗೊತ್ತಿಲ್ಲ. ನಿದ್ದೆಯಲ್ಲಿ ಯಾರೋ ಬಂದು ಮಣಿಕಟ್ಟಿನೊಳಗೆ ಇಟ್ಟುಹೋದ ಹಾಗೆ.

ಅದೊಂದೇ ಕೈ ಮೇಲೆ ನಾನು ಮದುವೆಯಾದೆ, ಮನೆ ಕಟ್ಟಿದೆ, ತೋಟ ಮಾಡಿದೆ. ತುರುವೇಕೆರೆ ಕಡೆಯವರು, ಚಿಕ್ಕನಾಯಕನಹಳ್ಳಿ ಕಡೆಯವರು ಇವನೇ ಬೇಕು ಎಂದು ಕಾಯುತ್ತಿದ್ದರು. ಉಂಡೆ ಒಡೆದ ಎಂದು ನನಗೆ ಯಾರೂ ಹೇಳಿದ್ದಿಲ್ಲ. ಇದನ್ನು ಜಂಬಕ್ಕೆ ಬರೆಯುತ್ತಿಲ್ಲ. ಜಂಬ ಇಲ್ಲ ಎಂದೂ ಹೇಳುವುದಿಲ್ಲ.

ಐವತ್ತೆಂಟನೇ ವಯಸ್ಸಿನಲ್ಲಿ, ಸಂಪಿಗೆ ಅನ್ನುವ ಊರಿನ ಹತ್ತಿರ ಒಬ್ಬರ ಮನೆಯ ಅಂಗಳದಲ್ಲಿ ಬೆಳಿಗ್ಗೆ ಕೆಲಸ ಮಾಡುತ್ತಿದ್ದಾಗ ಮಚ್ಚು ಕೈಯಿಂದ ಜಾರಿತು. ಬೆವರಿಗೆ ಜಾರಿತು ಅಂದುಕೊಂಡೆ. ಎತ್ತಿಕೊಂಡೆ, ಮತ್ತೆ ಜಾರಿತು. ಬಲಗೈ ನನ್ನ ತೊಡೆಯ ಮೇಲೆ ಬಂದು ಕೂತಿತ್ತು, ಯಾರೋ ಮರೆತು ಬಿಟ್ಟುಹೋದ ವಸ್ತುವಿನ ಹಾಗೆ. ನೋವಿಲ್ಲ, ಏನಿಲ್ಲ. ನೀರು ಕೊಡಿ ಅನ್ನಲು ಹೋದೆ. ಬಾಯಿಂದ ಬಂದದ್ದು ನೀರೂ ಅಲ್ಲ, ಮಾತೂ ಅಲ್ಲ. ಮನೆಯವರ ಮುಖಗಳು ನನ್ನ ಮೇಲೆ ಬಾಗಿದವು. ಅವರ ಹಿಂದೆ ತೆಂಗಿನ ಗರಿಗಳು ಬಹಳ ನಿಧಾನವಾಗಿ ಅಲ್ಲಾಡುತ್ತಿದ್ದವು. ಅಷ್ಟು ನಿಧಾನವಾಗಿ ಗರಿ ಅಲ್ಲಾಡುವುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಚೆನ್ನಾಗಿದೆಯಲ್ಲ, ಅನ್ನಿಸಿತು. ಹೆದರಿಕೆ ಆಸ್ಪತ್ರೆಗೆ ಹೋದ ಮೇಲೆ ಬಂತು.

ಲಕ್ವ. ತಲೆಯ ಎಡಗಡೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ಅದಕ್ಕೇ ಬಲಗಡೆ ಕೈಕಾಲು ಬಿದ್ದಿದೆ ಎಂದರು. ಬೀಪಿ ಇತ್ತಂತೆ, ನನಗೆ ಗೊತ್ತಿರಲಿಲ್ಲ. ಮನೆಗೆ ಬರುವ ಹೊತ್ತಿಗೆ ಮಾತು ತೊದಲುತ್ತಾ ತೊದಲುತ್ತಾ ಬಂತು, ಕಾಲು ಎಳೆಯುತ್ತಾ ಎಳೆಯುತ್ತಾ ನಡೆಯಿತು. ಕೈ ಬರಲಿಲ್ಲ. ವ್ಯಾಯಾಮ ಮಾಡಿಸಿ, ತಿಪಟೂರಿಗೆ ಫಿಸಿಯೋಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ನನ್ನ ಹೆಂಡತಿಗೆ ಬಿಡಿಸಿ ಹೇಳಿದ್ದರು. ಅವಳು ನನಗೆ ಹೇಳಿದಳು.

"ಸುಮ್ನಿರೇ," ಅಂದೆ. "ಏಟು ಬಿದ್ದಿರೋ ಕೈ. ಅದನ್ನ ಎಳ್ದಾಡುದ್ರೆ ಇನ್ನೂ ಕೆಡ್ತೈತೆ."

ಬಂದವರೆಲ್ಲ ಹಾಗೇ ಹೇಳಿದರು. ಪಕ್ಕದ ಮನೆಯ ಯಜಮಾನರು ಊರುಗೋಲು ಊರಿಕೊಂಡು ಬಂದು, ನನ್ನ ಬಲಗೈಯನ್ನು ಎತ್ತಿ ತೂಕ ನೋಡಿ, ಮತ್ತೆ ಹಾಸಿಗೆಯ ಮೇಲೆ ಮೆಲ್ಲಗೆ ಇಟ್ಟು ಹೇಳಿದರು: "ವರ್ಸ ತುಂಬ್ಲಿ ಬುಡ್ಲಾ. ಮುಟ್ಟಬ್ಯಾಡ. ತಾನೇ ಬತ್ತೈತೆ."

ಆ ಮಾತು ನನಗೆ ಹಿಡಿಸಿತು. ವರ್ಷ ತುಂಬಲಿ. ನಲವತ್ತೈದು ವರ್ಷ ನಾನು ನೋಡಿದ್ದೇ ಅದನ್ನು. ಮುಟ್ಟದೆ ಬಿಟ್ಟದ್ದು ಒಳಗೊಳಗೇ ತಯಾರಾಗುತ್ತದೆ. ವಯಸ್ಸಾದ ತಲೆ, ಅದಕ್ಕೆ ಇನ್ನಷ್ಟು ಹೊತ್ತು ಬೇಕು, ಬಲಿತಷ್ಟೂ ನಿಧಾನ. ಹೀಗೆ ಲೆಕ್ಕ ಹಾಕಿ ನನ್ನ ಕೈಯನ್ನು ಅಟ್ಟಕ್ಕೆ ಹಾಕಿದೆ.

ನಿಜವಾದ ಅಟ್ಟವೂ ನನ್ನ ತಲೆಯ ಮೇಲೇ ಇತ್ತು. ಮಂಚ ಹಾಕಿದ್ದು ಅದರ ಕೆಳಗೆ. ಲಕ್ವ ಹೊಡೆಯುವುದಕ್ಕೆ ಸ್ವಲ್ಪ ಮುಂಚೆಯಷ್ಟೇ ನಮ್ಮ ತೋಟದ ಕಾಯನ್ನು ನಾನೇ ಏರಿಸಿದ್ದೆ. ಒಂದು ದಿನ ಹೆಂಡತಿ ಮೇಲೆ ನೋಡಿ ಕೇಳಿದಳು: "ಮುಂದಿನ್ ವರ್ಸ ಈ ಕಾಯ್ನ ಇಳ್ಸೋಕೆ ಯಾರ್ಗಾರಾ ಹೇಳ್ಬೇಕೇನೋ."

"ಯಾರ್ಗೂ ಹೇಳ್ಬ್ಯಾಡ." ನನ್ನ ತೊದಲು ಇನ್ನೂ ಪೂರ್ತಿ ಹೋಗಿರಲಿಲ್ಲ, ಆದರೂ ಜೋರಾಗಿ ಹೇಳಿದೆ. "ನನ್ ಅಟ್ಟದ್ ಕಾಯಿಗೆ ಇನ್ನೊಬ್ಬನ್ ಮಚ್ಚು ಬೀಳಲ್ಲ. ನಾನೇ ಒಡೀತೀನಿ."

ಊರೂರಿಗೆ ಚಿಪ್ಪು ಒಡೆದವನು ತನ್ನ ಮನೆಯ ಕಾಯಿಗೆ ಕೂಲಿಯವರನ್ನು ಕರೆಯುವುದು ಅಂದರೆ ಏನು ಎಂದು ಅವಳಿಗೆ ಗೊತ್ತು.

ಆ ತಿಂಗಳುಗಳನ್ನು ನೆನೆದರೆ ಎಲ್ಲವೂ ಒಂದೇ ಉದ್ದನೆಯ ಮಧ್ಯಾಹ್ನವಾಗಿ ಕಾಣುತ್ತದೆ. ಎಚ್ಚರ ಯಾವುದು, ನಿದ್ದೆ ಯಾವುದು ಎಂದು ಗೆರೆ ಇರಲಿಲ್ಲ. ಕನಸಿನಲ್ಲಿ ನನ್ನ ಬಲಗೈ ನನ್ನನ್ನು ಬಿಟ್ಟು ತಾನೊಂದೇ ಹೊರಡುತ್ತಿತ್ತು. ಬಾಗಿಲು ದಾಟಿ, ಕೆರೆ ಏರಿ ಮೇಲೆ, ಬೇಲಿ ಸಂದಿಯಲ್ಲಿ ನುಸುಳಿ, ನಾನು ಹಿಂದೆ ಕೆಲಸ ಮಾಡಿದ ಅಂಗಳಗಳಿಗೆ. ಅಲ್ಲಿ ಯಾರೂ ಅದನ್ನು ನೋಡಿ ಬೆಚ್ಚುತ್ತಿರಲಿಲ್ಲ. ಬಂತಾ, ಕೂತ್ಕೋ, ಎಂದು ಮಣೆ ಕೊಡುತ್ತಿದ್ದರು. ಅದು ಕೂತು ಒಡೆಯುತ್ತಿತ್ತು. ಚಿಪ್ಪು ಹೂವಿನ ಎಸಳಿನ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ಸಂಜೆ ಎಲ್ಲರೂ ಅದಕ್ಕೆ ಎಲೆ ಅಡಿಕೆ ಕೊಟ್ಟು ಕಳಿಸುತ್ತಿದ್ದರು. ನಾನು ಮಾತ್ರ ಬಾಗಿಲಲ್ಲಿ ಕಾಯುತ್ತಾ ನಿಂತಿರುತ್ತಿದ್ದೆ. ಎಚ್ಚರಾದಾಗ ಕೈ ಪಕ್ಕದಲ್ಲೇ ಇರುತ್ತಿತ್ತು, ತಣ್ಣಗೆ, ಬೆರಳು ಒಳಕ್ಕೆ ಮಡಚಿಕೊಂಡು. ಇದು ಹೋಗಿ ಬಂದು ದಣಿದಿದೆ ಅಂದುಕೊಳ್ಳುತ್ತಿದ್ದೆ. ಮಲಗಲಿ ಪಾಪ, ಅನ್ನುತ್ತಿದ್ದೆ. ಮೇಲಿನಿಂದ ಆಗಾಗ ಒಂದು ಕಾಯಿ ಜರುಗಿದ ಸದ್ದು. ಅದಕ್ಕೂ ನನ್ನ ಕೈಗೂ ಏನೋ ಒಪ್ಪಂದವಾದಂತೆ ಸಮಾಧಾನವಾಗುತ್ತಿತ್ತು.

ಊಟ ಹೆಂಡತಿಯೇ ತಿನ್ನಿಸುತ್ತಿದ್ದಳು. ಎಡಗೈಯಲ್ಲಿ ಉಣ್ಣಲು ನನಗೆ ಮನಸ್ಸು ಒಪ್ಪಲಿಲ್ಲ. ಮನೆಯಲ್ಲಿ ಯಾರಿಲ್ಲದಿದ್ದರೂ ಒಪ್ಪಲಿಲ್ಲ. ಅವಳು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಡುತ್ತಿದ್ದಳು.

ಐದು ತಿಂಗಳು ಹೀಗೆ ಹೋಯಿತೇನೋ. ಆಗ ಬಂದಳು ನನ್ನ ಹೆಂಡತಿಯ ತಂಗಿಯ ಮಗಳು.

ಅವಳನ್ನು ಸಂಪಿಗೆಗೆ ಕೊಟ್ಟಿದೆ. ಇಪ್ಪತ್ತನಾಲ್ಕು ವಯಸ್ಸು. ನನಗೆ ಲಕ್ವ ಹೊಡೆದ ಸುಮಾರಿಗೇ ಅವಳಿಗೂ ಹೊಡೆದಿತ್ತು, ಹೆರಿಗೆಯಾದ ಎರಡು ವಾರಕ್ಕೆ. ಬಾಣಂತಿಗೂ ಹೀಗಾಗುತ್ತದೆ ಎಂದು ನಾವು ಕೇಳಿಯೇ ಇರಲಿಲ್ಲ. ಅವಳದೂ ಬಲಗೈಯೇ. ಅವಳ ಕೈಗೂ ನನ್ನ ಹಾಗೇ ಆಗಿದೆ ಎಂದು ತಿಳಿದಾಗ ನಾನು ಅತ್ತಿದ್ದೆ. ಈಗ ಅವಳು ಬಸ್ಸಿಳಿದು, ಎಡ ಸೊಂಟದ ಮೇಲೆ ಮಗು ಕೂರಿಸಿಕೊಂಡು, ಬಲಗೈಯಲ್ಲಿ ಬಾಳೆಹಣ್ಣಿನ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ನಾನು ಚೀಲವನ್ನೇ ನೋಡಿದೆ. ಬೆರಳು ನಾಲ್ಕೂ ಹಿಡಿಯಲ್ಲಿ ಸಿಕ್ಕಿಕೊಂಡಿದ್ದವು. ಸ್ವಲ್ಪ ನಡುಗುತ್ತಿತ್ತು, ಅಷ್ಟೇ.

"ಏನ್ ದೊಡ್ಡಪ್ಪ, ಇನ್ನೂ ಮಲ್ಗೇ ಇದೀರಾ? ಬಾಣಂತಿ ನಾನಾ ನೀವಾ?"

ಹೆಂಡತಿ ನಕ್ಕುಬಿಟ್ಟಳು. ಎಷ್ಟೋ ದಿನದ ಮೇಲೆ ನಮ್ಮ ಮನೆಯಲ್ಲಿ ಕೇಳಿಸಿದ ನಗು ಅದು. ನನಗೆ ಸಿಟ್ಟು ಬಂತು.

"ಕೈ ಹೆಂಗ್ ಬಂತವ್ವ ನಿಂಗೆ?" ಅಂದೆ.

"ಬತ್ತೀನಿ ಅಂತ ಅದೇನ್ ಹೇಳಿ ಬತ್ತದಾ? ಫಿಸಿಯೋದವರು ದಿನಾ ಮಾಡ್ಸೋರು. ಹಗ್ಗ ಹಿಡಿ, ಲೋಟ ಹಿಡಿ ಅಂತ. ನಂಗೂ ಸಾಕಾಗಿತ್ತು. ಒಂದಿನ ನಮ್ಮತ್ತೆ ಹಾಲ್ ಕರೆಯೋಕೆ ಹೋಗಿದ್ರು. ಇವ್ನು ಉಳ್ಳಾಡ್ಕೊಂಡು ಮಂಚದ್ ಅಂಚಿಗೆ ಬಂದ. ನಾನು ಎಡಗೈಲಿ ಬಟ್ಟೆ ಹಿಡ್ಕೊಂಡಿದ್ದೆ. ನೋಡ್ತೀನಿ, ಈ ಕೈ ಹೋಗಿ ಅವ್ನ ಕಾಲ್ ಹಿಡ್ಕೊಂಡೈತೆ."

"ನಿಂದು ಎಳೇ ತಲೆ ಕಣವ್ವ. ನಂದು ಬಲಿತಿರೋದು. ಟೈಮ್ ಬೇಕು."

"ಬರೀ ಟೈಮ್ ಕೊಟ್ರೆ ಆಗಲ್ವಂತೆ ದೊಡ್ಡಪ್ಪ, ಕೆಲ್ಸ ಕೊಡ್ಬೇಕಂತೆ."

ಊಟದ ಹೊತ್ತಾಯಿತು. ಹೆಂಡತಿ ತಟ್ಟೆ ತಂದು ನನ್ನ ಮುಂದೆ ಕೂತಳು. ಇವತ್ತು ಬೇಡ, ಆಮೇಲೆ, ಎಂದು ಸನ್ನೆ ಮಾಡಿದೆ. ಅವಳಿಗೆ ಅರ್ಥವಾಗಲಿಲ್ಲವೋ, ಆಗಿಯೂ ಬೇಕೆಂದೇ ಮಾಡಿದಳೋ, ತುತ್ತು ಬಾಯಿಯ ಹತ್ತಿರ ತಂದಳು. ಎದುರಿಗೆ ಆ ಹುಡುಗಿ ನಡುಗುವ ಬಲಗೈಯಿಂದಲೇ ತನ್ನ ಮುದ್ದೆ ಮುರಿಯುತ್ತಿದ್ದಳು. ಸಾರು ಸೀರೆಯ ಮೇಲೆ ಚೆಲ್ಲಿತು. ಒರೆಸಿಕೊಳ್ಳಲೂ ಇಲ್ಲ.

"ನೋಡ್ಲಾ ಕಂದ," ಎಂದು ಮಗುವಿಗೆ ಹೇಳಿದಳು, "ತಾತಂಗೂ ನಿನ್ ಥರಾನೇ. ನಿಂಗೆ ಹಲ್ ಬರೋ ಹೊತ್ಗೆ ತಾತಂಗೂ ಬತ್ತವೆ ಬುಡು."

ಬೇರೆ ಯಾರಾದರೂ ಅಂದಿದ್ದರೆ ಅವರ ಮನೆ ಬಾಗಿಲು ಮತ್ತೆ ತುಳಿಯುತ್ತಿರಲಿಲ್ಲ. ಅವಳಿಗೆ ಏನೆಂದು ಬೈಯಲಿ? ನನಗೆ ಬಂದದ್ದೇ ಅವಳಿಗೂ ಬಂದಿತ್ತು. ಮಾರನೇ ದಿನ ಬೆಳಿಗ್ಗೆ ಹೆಂಡತಿಗೆ ಹೇಳಿದೆ: "ತಿಪಟೂರ್ ಬಸ್ಗೆ ಹೊರಡು."

ಫಿಸಿಯೋ ಕೋಣೆ ಮೊದಲನೇ ಮಹಡಿಯಲ್ಲಿತ್ತು. ಉದ್ದನೆಯ ಕನ್ನಡಿ, ಗೋಡೆಗೆ ಮರದ ಏಣಿ, ನೀಲಿ ಹಾಸಿಗೆಗಳು. ಕಿಟಕಿಯಾಚೆ ಊರು ಗದ್ದಲ ಮಾಡುತ್ತಿದ್ದರೂ ಒಳಗೆ ಎಲ್ಲರೂ ನೀರಿನಡಿಯಲ್ಲಿ ನಡೆಯುವವರಂತೆ ನಡೆಯುತ್ತಿದ್ದರು. ಒಬ್ಬರು ಒಂದು ಹೆಜ್ಜೆ ಎತ್ತಿ ಇಡುವುದರೊಳಗೆ ನಾನು ಒಂದು ನಿದ್ದೆ ಮಾಡಿ ಏಳಬಹುದಿತ್ತು. ಅಲ್ಲಿದ್ದ ಫಿಸಿಯೋ ಹುಡುಗಿ ಕಂದಿಕೆರೆಯವಳು. ನನಗೊಬ್ಬ ಮಗಳಿದ್ದಿದ್ದರೆ ಅವಳಿಗೆ ಆಗಬಹುದಾಗಿದ್ದ ವಯಸ್ಸು.

"ಬನ್ನಿ ತಾತ," ಅಂದಳು.

"ನಾನ್ ತಾತ ಅಲ್ಲಮ್ಮ."

"ಸರಿ, ಯಜಮಾನ್ರೇ. ಕೈ ಎತ್ತಿ."

ಎತ್ತಲಾಗಲಿಲ್ಲ. ತಾತ ಅಂದದ್ದೇ ಸರಿ ಅನ್ನಿಸಿತು. ಅವಳು ನನ್ನ ಭುಜ, ಮೊಣಕೈ, ಬೆರಳು ಒಂದೊಂದನ್ನೂ ಬಗ್ಗಿಸಿ ನೋಡಿದಳು. ಬೆರಳು ಬಿಡಿಸುವಾಗ ಪ್ರಾಣ ಹೋಯಿತು.

"ಐದು ತಿಂಗಳು ಏನ್ ಮಾಡ್ತಿದ್ರಿ?"

ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ವರ್ಷದ ವಿಷಯ, ಮುಟ್ಟದೆ ಬಿಡುವ ವಿಷಯ, ಎಲ್ಲ ಹೇಳಿದೆ. ಅವಳು ನಗಲಿಲ್ಲ. ಅವಳ ಮನೆಯಲ್ಲೂ ಅಟ್ಟ ಇದ್ದಿರಬೇಕು.

"ನಮ್ಮಜ್ಜನೂ ಹಿಂಗೇ ಅಂದಿದ್ರು," ಅಂದಳು. "ಕಾಯಿಗೆ ಅದು ಸರಿ. ಕೈ ಹಂಗಲ್ಲ. ಕೆಲಸ ಇಲ್ಲದ ಕೈನ ಮಿದುಳು ಮರೆತುಬಿಡುತ್ತೆ. ಕೈ ಕೆಟ್ಟಿಲ್ಲ ನಿಮ್ದು. ಅದಕ್ಕೆ ಹೇಳಿ ಕಳಿಸೋ ಜಾಗ ಕೆಟ್ಟಿದೆ. ಪಕ್ಕದ ಜಾಗ ಆ ಕೆಲಸ ಕಲೀಬೇಕು. ಕಲಿಯೋದು ಮಾಡಿ ಮಾಡಿನೇ."

ಸಂಪಿಗೆಯ ಹುಡುಗಿಯ ವಿಷಯ ಕೇಳಿದೆ. ಅವಳಿಗೆ ಅಷ್ಟು ಬೇಗ ಹೇಗೆ ಬಂತು?

"ವಯಸ್ಸು," ಅಂದಳು. ಮುಚ್ಚುಮರೆ ಮಾಡಲಿಲ್ಲ. "ಎಳೇ ಮಿದುಳಲ್ಲಿ ಒಂದು ಜಾಗ ಹೋದ್ರೆ ಪಕ್ಕದ್ದು ಬೇಗ ಕಲಿಯುತ್ತೆ. ವಯಸ್ಸಾದ್ರೆ ಅದೇ ಕಲಿಕೆ ನಿಧಾನ. ಬೇಗ ಸುಸ್ತಾಗುತ್ತೆ, ಬೀಪಿ ಗೀಪಿ ಬೇರೆ ಇರುತ್ತೆ. ಮೊದಲ ಕೆಲವು ತಿಂಗಳು ಯಾರಿಗೇ ಆಗ್ಲಿ ಮಿದುಳು ಕಲಿಯೋಕೆ ಜಾಸ್ತಿ ತಯಾರಾಗಿರುತ್ತೆ. ಅದು ನಿಮ್ದು ಹೋಯ್ತು."

"ಹಂಗಾದ್ರೆ ನಂದು ಮುಗೀತಾ?"

"ಮುಗಿಯೋದು ಅಂತ ಇಲ್ಲ ಯಜಮಾನ್ರೇ. ನಿಮಗಿಂತ ದೊಡ್ಡೋರೂ ಕಲ್ತಿದಾರೆ. ಎಲ್ಲ ಬರುತ್ತೆ ಅಂತ ಮಾತ್ರ ನಾನು ಹೇಳಲ್ಲ. ಅವಳು ಹತ್ತು ಸಲ ಮಾಡಿ ಕಲ್ತಿದ್ದನ್ನ ನೀವು ನೂರು ಸಲ ಮಾಡ್ಬೇಕು. ಕೆಲಸಕ್ಕೆ ಹೆದರ್ತೀರಾ?"

ಅಷ್ಟು ಕೇಳಿದ್ದು ಸಾಕಾಯಿತು ನನಗೆ. ಕೆಲಸಕ್ಕೆ ಹೆದರುವುದು! ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡುವಂತೆ, "ಹೇಳಮ್ಮ, ಏನ್ ಮಾಡ್ಬೇಕು," ಅಂದೆ.

ಮಾಡಿದೆ. ಒಗೆದ ಬಟ್ಟೆಗೆ ಹಾಕುವ ಕ್ಲಿಪ್ಪುಗಳನ್ನು ಹಗ್ಗಕ್ಕೆ ಹಾಕುವುದು, ತೆಗೆಯುವುದು. ಲೋಟ ಮಗುಚುವುದು, ನಿಲ್ಲಿಸುವುದು. ಅಂಗನವಾಡಿಯ ಆಟ. ಮನೆಯಲ್ಲಿ ದಿನಕ್ಕೆ ಸ್ವಲ್ಪ ಹೊತ್ತು ಎಡಗೈಯನ್ನು ಟವೆಲ್ಲಿನಲ್ಲಿ ಸುತ್ತಿ ಕಟ್ಟಿಬಿಡಬೇಕು, ಬಲಗೈಗೆ ಬೇರೆ ದಾರಿ ಇರಬಾರದು. ಕಟ್ಟುವವಳು ಹೆಂಡತಿ. ಕಟ್ಟಿದ ಮೇಲೆ ತಟ್ಟೆ ತಂದು ಮುಂದಿಟ್ಟು ಹೊರಟುಹೋಗುವಳು. ಬಿಸಿ ಮುದ್ದೆ. ಅದರ ಮೇಲೆ ಬೆರಳಿಟ್ಟರೆ ಶಾಖ ಮೊದಲು ಎಲ್ಲೋ ದೂರದಲ್ಲಿ ಯಾರಿಗೋ ತಾಗಿದ ಹಾಗಿರುತ್ತಿತ್ತು. ಬರಬರುತ್ತಾ ಹತ್ತಿರವಾಯಿತು. ಮುದ್ದೆಗಿಂತ ಒಳ್ಳೆಯ ವ್ಯಾಯಾಮ ಇಲ್ಲ. ಅದು ಬೆರಳಿಗೆ ಬಗ್ಗುತ್ತದೆ, ಆದರೆ ಸುಮ್ಮನೆ ಬಗ್ಗುವುದಿಲ್ಲ. ಮೊದಲ ದಿನ ಒಂದು ತುತ್ತೂ ಬಾಯಿ ಸೇರಲಿಲ್ಲ. ಗೋಡೆಯಾಚೆ ಅವಳು ಬಳೆ ಸದ್ದು ಮಾಡದೆ ನಿಂತಿದ್ದಾಳೆ ಎಂದು ನನಗೆ ಗೊತ್ತು. ಬಂದು ತಿನ್ನಿಸಲಿಲ್ಲ. ತಟ್ಟೆ ಹಾಗೇ ಬಿಟ್ಟು ಹಸಿದು ಮಲಗಿದೆ.

ಎಷ್ಟೋ ವಾರ ಏನೂ ಆಗಲಿಲ್ಲ. ಹದಿಮೂರು ವರ್ಷದ ಹುಡುಗನಾಗಿದ್ದಾಗ ಒಂದು ಬೇಸಿಗೆಯಲ್ಲಿ, ಗೊತ್ತೇ ಆಗದೆ ಕೈಗೆ ಬಂದದ್ದು ನೆನಪಾಗುತ್ತಿತ್ತು. ಆಗ ಕಲಿಕೆ ಅನ್ನುವುದು ಮಳೆ ನೀರು ಇಂಗಿದ ಹಾಗೆ. ಈಗ ಬಂಡೆಯ ಮೇಲೆ ನೀರು ಹೊಯ್ದ ಹಾಗೆ, ಹರಿದು ಹರಿದು ಹೋಗುತ್ತಿತ್ತು. ಆದರೆ ಬಂಡೆಯೂ ಒದ್ದೆಯಾಗುತ್ತದೆ. ಒಂದು ಬೆಳಿಗ್ಗೆ ಹೆಬ್ಬೆರಳು ಬಂದು ತೋರುಬೆರಳಿಗೆ ತಾಗಿತು. ನಾನು ಕಣ್ಣು ಮುಚ್ಚಿದೆ, ಕನಸಾಗಿದ್ದರೆ ಇನ್ನೊಂದು ಸಲ ನೋಡೋಣ ಎಂದು. ಮತ್ತೆ ತಾಗಿತು.

ಫಿಸಿಯೋ ಹುಡುಗಿಗೆ ತೋರಿಸಿದೆ. ಅವಳು, "ನಿಮ್ ಕೆಲಸದ ಸಾಮಾನು ತನ್ನಿ ಇನ್ಮೇಲೆ," ಅಂದಳು.

"ಮಚ್ಚು ತರ್ಲಾ?"

"ಮಚ್ಚು ಬೇಡಪ್ಪ, ಉಳಿದವರು ಓಡಿಹೋಗ್ತಾರೆ. ಕಾಯಿ ತನ್ನಿ. ಒಂದು ಮರದ ಕೊಡತಿ ತನ್ನಿ."

ಪಕ್ಕದ ಮನೆಯಲ್ಲಿ ಕೇಳಿ ಪಡೆದ, ಮಟ್ಟೆ ತೆಗೆದ ಕೊಬ್ಬರಿ ಕಾಯಿ ಒಂದು ಚೀಲ, ಹೆಂಡತಿ ಹೊತ್ತು ತಂದಳು. ಬಸ್ಸಿನಲ್ಲಿ ಕಂಡಕ್ಟರ್, "ಏನ್ರೀ, ಡಾಕ್ಟ್ರಿಗೆ ಫೀಸು ಕಾಯಲ್ಲೇ ಕೊಡ್ತೀರಾ?" ಎಂದು ಕೇಳಿದ. ಕೋಣೆಯಲ್ಲಿ ನೀಲಿ ಹಾಸಿಗೆಯ ಮೇಲೆ ಕೂತು ಎಡಗೈಯಲ್ಲಿ ಒಂದು ಕಾಯಿ ಹಿಡಿದೆ. ಬಲಗೈಗೆ ಕೊಡತಿ ಸಿಕ್ಕಿಸಿ ಅವಳು ಹಿಂದೆ ಸರಿದಳು.

ಆಗ ನಡೆದದ್ದನ್ನು ಹೇಗೆ ಹೇಳಲಿ. ಕ್ಲಿಪ್ಪಿಗೂ ಲೋಟಕ್ಕೂ ಕದಲದೆ ಮುನಿಸಿಕೊಂಡಿದ್ದ ಮಣಿಕಟ್ಟು, ಕಾಯಿ ಕಂಡದ್ದೇ ಸ್ವಲ್ಪ ಹಿಂದಕ್ಕೆ ಬಾಗಿತು. ಏಟಿಗೆ ಮುಂಚಿನ ಆ ಬಾಗುವಿಕೆ ನನಗೆ ಗೊತ್ತು. ಅದು ನನ್ನದಲ್ಲ, ಚಿಕ್ಕಪ್ಪನದು. ಆ ಬೇಸಿಗೆಯಲ್ಲಿ ಬಂದು ಸೇರಿಕೊಂಡಿದ್ದು ಹೋಗಿರಲಿಲ್ಲ, ತೀರಾ ಆಳದಲ್ಲಿ ಎಲ್ಲೋ ಕೂತಿತ್ತು. ಕೋಣೆಯ ಸದ್ದೆಲ್ಲ ದೂರವಾಯಿತು. ಒಂದು ಗಳಿಗೆ ಅಲ್ಲಿ ನೆರಳಿತ್ತು, ನಾರಿನ ವಾಸನೆ ಇತ್ತು, ನನ್ನ ಪಕ್ಕದಲ್ಲಿ ಯಾರೋ ಬೀಡಿ ಸೇದುತ್ತಾ ಕೂತಿದ್ದರು. ಕೊಡತಿ ಕಾಯಿಯ ಮೇಲೆ ಬಿತ್ತು. ಮಗು ತಟ್ಟಿದಷ್ಟು. ಚಿಪ್ಪಿಗೆ ಏನೂ ಆಗಲಿಲ್ಲ.

"ಇನ್ನೊಂದ್ಸಲ," ಅಂದಳು.

ಹಳೆಯ ಕೆಲಸವನ್ನೇ ಕೊಟ್ಟರೆ ಕೈ ಬೇಗ ದಾರಿಗೆ ಬರುತ್ತದೆ ಎಂದು ಆಮೇಲೆ ಹೇಳಿದಳು. ಮನೆಯಲ್ಲೂ ದಿನಾ ಅದನ್ನೇ ಮಾಡಿ ಎಂದಳು. ಮಾಡಿದೆ. ತಟ್ಟಿ ತಟ್ಟಿ ಹೆಂಡತಿಯ ತಲೆ ಕೆಡಿಸಿದೆ. ಬೆಳಿಗ್ಗೆ ತಟ್ಟಿದರೆ ಮಧ್ಯಾಹ್ನಕ್ಕೆ ಭುಜ ಕಲ್ಲಾಗುತ್ತಿತ್ತು, ಒಂದು ದಿನ ಮುಂದೆ ಹೋದರೆ ಮಾರನೇ ದಿನ ಹಿಂದೆ. ಸಂಪಿಗೆಯ ಹುಡುಗಿ ಫೋನ್ ಮಾಡುವಳು. "ದೊಡ್ಡಪ್ಪ, ಹಲ್ಲು ಬಂದ್ವಾ? ನಮ್ಮವನಿಗೆ ಎರಡು ಬಂದೋ." ಅವಳು ಆಗಲೇ ಹೊಲಿಗೆ ಮಿಷನ್ನಿನ ಮುಂದೆ ಕೂರುತ್ತಿದ್ದಳು.

ಅಟ್ಟದ ಕಾಯಿ ತಯಾರಾಯಿತು. ಕೆಳಗೆ ನಿಂತರೇ ಗೊತ್ತಾಗುತ್ತಿತ್ತು. ಒಣಗಿದ ಕಾಯಿ ಜರುಗುವ ಸದ್ದೇ ಬೇರೆ. ಮಳೆಗೆ ಮುಂಚೆ ಇಳಿಸಬೇಕು. ನಾನೇ ಒಂದು ಬೆಳಿಗ್ಗೆ, ಯಾರೂ ಏಳುವ ಮುಂಚೆ, ಹಿತ್ತಲಿನಲ್ಲಿ ಕೂತು ಕೊಡತಿ ಬಿಟ್ಟು ಮಚ್ಚು ತೆಗೆದೆ. ಬಲಗೈಯಲ್ಲಿ ಎತ್ತಿ ಹೊಡೆದೆ. ಮಚ್ಚು ಓರೆಯಾಗಿ ಬಿತ್ತು. ಚಿಪ್ಪು, ಉಂಡೆ, ಎರಡೂ ಒಡೆದವು. ಇನ್ನೊಂದು. ಅದೂ ಒಡೆಯಿತು. ನಾಲ್ಕನೆಯದಕ್ಕೆ ಮಚ್ಚು ಕೈಯಿಂದ ಹಾರಿ ಹೋಗಿ ತುಳಸಿಕಟ್ಟೆಗೆ ಬಡಿಯಿತು. ನಾನು ಅದನ್ನು ಎತ್ತಿಕೊಳ್ಳಲು ಏಳಲಿಲ್ಲ. ಬೆಳಕಾಗುತ್ತಿತ್ತು. ಒಡೆದ ಕೊಬ್ಬರಿಯ ಬಿಳುಪು ನನ್ನ ಸುತ್ತ ಬಿದ್ದಿತ್ತು. ಹೊಡೆಯುವ ಕೈ ಇದು ಇನ್ನು ಆಗುವುದಿಲ್ಲ. ಈ ವಯಸ್ಸಿಗೆ ಇದು ಇಷ್ಟೇ ಬರುವುದು. ಯಾರೂ ಹೇಳದೆ ನನಗೆ ಗೊತ್ತಾಯಿತು.

ಹೆಂಡತಿ ಯಾವಾಗ ಬಂದು ನಿಂತಳೋ. ಮಚ್ಚು ಎತ್ತಿಕೊಂಡು ಬಂದು, ನನ್ನ ಬಲಗೈ ಕಡೆ ಅಲ್ಲ, ಎಡಗೈ ಕಡೆ ಚಾಚಿದಳು.

"ಬಲಗೈಲಿ ಕಾಯಿ ಹಿಡ್ಕಳಿ," ಅಂದಳು. "ಹಿಡಿಯೋಕ್ ಬತ್ತದಲ್ಲ ಈಗ."

"ಎಡಗೈಲಿ ಕೆಲ್ಸ ಮಾಡೋದೇನೇ?"

"ಉಣ್ಣೋಕಲ್ವಲ್ಲ ನಾನ್ ಹೇಳಿದ್ದು."

ಬಲಗೈಯಲ್ಲಿ ಕಾಯಿ ಹಿಡಿದೆ. ಮೂರು ಬೆರಳು ಹಿಡಿದವು, ಎರಡು ಸುಮ್ಮನೆ ಒರಗಿದವು. ಎಡಗೈ ಏಟು ಹಾಕಿತು. ಹುಡುಗರು ಮೊದಲ ದಿನ ಹಾಕುವಂಥ ಪೆದ್ದು ಏಟು. ಅದೂ ಒಡೆಯಿತು. ಆದರೆ ಎಡಗೈಗೆ ಲಕ್ವ ಹೊಡೆದಿರಲಿಲ್ಲ, ಅದಕ್ಕೆ ಹೇಳಲು ನೆಪವಿರಲಿಲ್ಲ. ಅದು ಬರೀ ಹೊಸ ಆಳು. ಹೊಸ ಆಳುಗಳನ್ನು ನಾನು ಬೇಕಾದಷ್ಟು ಪಳಗಿಸಿದ್ದೇನೆ. ಸೂರ್ಯ ಮರದ ಮೇಲೆ ಬರುವ ಹೊತ್ತಿಗೆ ಒಂದು ಚಿಪ್ಪು ಬಿರಿಯಿತು. ಬಿಡಿಸಿದೆ. ಉಂಡೆ ಇಡಿಯಾಗಿ ಬಂತು. ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಹೆಂಡತಿ ಕಾಫಿ ತಂದಿಟ್ಟು ಹೋದದ್ದು ತಣ್ಣಗಾಗಿತ್ತು.

ಅವಳನ್ನು ಕರೆದು ಹೇಳಿದೆ: "ಸುಲಿಯೋರಿಗೆ ಹೇಳ್ಕಳ್ಸು. ಬಂದು ಇಳ್ಸಿ ಒಡೀಲಿ. ಒಂದ್ ಮೂಲೆ ಕಾಯಿ ನಂಗ್ ಬುಟ್ಬುಡ್ಲಿ."

ಅವಳು ನನ್ನನ್ನು ನೋಡಿದಳು. "ಇನ್ನೊಬ್ರ ಮಚ್ಚು ಬೀಳಲ್ಲ ಅಂದಿದ್ರಿ."

"ಅಂದಿದ್ದೆ. ಕಳ್ಸು."

ಸುಲಿಯುವವರು ಬಂದರು. ಆರು ಹೆಂಗಸರು, ಇಬ್ಬರು ಗಂಡಸರು. ಅಂಗಳದಲ್ಲಿ ಅವರ ಜೊತೆಗೇ ಮಣೆ ಹಾಕಿಕೊಂಡು ಕೂತೆ. ಮೊದಲು ಯಾರೂ ನನ್ನ ಕಡೆ ನೋಡಲಿಲ್ಲ, ನೋಡಬಾರದು ಎಂದು ಮಾತಾಡಿಕೊಂಡು ಬಂದಿದ್ದರೇನೋ. ಆಮೇಲೆ ಒಬ್ಬಾಕೆಗೆ ತಡೆಯಲಾಗಲಿಲ್ಲ.

"ಅಣ್ಣ, ಆ ಕೈ ಹೋದ್ರೆ ಈ ಕೈ ಅಂತ ಬಂದ್ಬುಟ್ರಲ್ಲ. ನಮ್ ಕೂಲಿಗೆ ಕಲ್ ಹಾಕ್ಬ್ಯಾಡಿ ಕಣಣ್ಣ."

"ನೀವ್ ಸಂಜೆಗೆ ಒಡೆಯೋದನ್ನ ನಾನ್ ಸಂಕ್ರಾಂತಿಗೆ ಒಡೀತೀನಿ, ಹೆದ್ರಬ್ಯಾಡಿ," ಅಂದೆ.

ಅಂಗಳ ತುಂಬ ನಗು. ಏಟಿನ ಸದ್ದು ನಾಲ್ಕೂ ಕಡೆಯಿಂದ, ಜೋರು ಮಳೆಯ ಮೊದಲ ಹನಿಗಳ ಹಾಗೆ, ಅದರ ನಡುವೆ ಎಲ್ಲೋ ನನ್ನದೂ ಒಂದು.

ಅವರು ಎರಡು ದಿನದಲ್ಲಿ ಮುಗಿಸಿ ಹೋದರು. ನನ್ನ ಮೂಲೆ ಮುಗಿಯಲು ತಿಂಗಳೇ ಹಿಡಿಯಿತು. ಅದಾಗಿ ಇನ್ನೂ ಒಂದು ವರ್ಷ ಕಳೆದಿದೆ. ಬೇರೆಯವರ ಮನೆಗೆ ಕೆಲಸಕ್ಕೆ ಹೋಗುವುದಿಲ್ಲ, ಕರೆಯುವವರೂ ಕಡಿಮೆ. ಫಿಸಿಯೋ ಹುಡುಗಿ, ಇನ್ನು ನಿಮಗೆ ನಾನು ಬೇಡ, ಮನೆಯಲ್ಲೇ ಮಾಡಿ, ಎಂದು ಕಳಿಸಿದ್ದಾಳೆ. ಸಂಪಿಗೆಯ ಹುಡುಗಿಯ ಕೈ ನೋಡಿದರೆ ಅದಕ್ಕೆ ಏನಾಗಿತ್ತು ಎಂದು ಈಗ ಹೇಳಲಾಗುವುದಿಲ್ಲ. ನನ್ನದನ್ನು ನೋಡಿದರೆ ಹೇಳಬಹುದು.

ಈಗ ನನ್ನ ಹತ್ತಿರ ಇರುವುದು ಇಷ್ಟು. ವಯಸ್ಸು ಅರವತ್ತು. ಬಲಗೈಯಲ್ಲಿ ಮಾತು ಕೇಳುವ ಬೆರಳು ಮೂರು, ಕೇಳದವು ಎರಡು. ಹೊಡೆಯಲು ಕಲಿತ ಎಡಗೈ ಒಂದು. ದಿನಕ್ಕೆ ಬೀಪಿ ಮಾತ್ರೆ ಎರಡು. ನನ್ನ ಬಲಗೈಯಿಂದ ನಾನೇ ಉಣ್ಣುವ ಊಟ ಮೂರು ಹೊತ್ತು. ಈ ವರ್ಷ ನನ್ನ ಪಾಲಿಗೆ ಬಿಟ್ಟುಕೊಂಡ ಕಾಯಿ ಇನ್ನೂರು. ಅದರಲ್ಲಿ ಇಡಿಯಾಗಿ ಬಂದ ಉಂಡೆ ನೂರ ಅರವತ್ತೆರಡು, ಒಡೆದದ್ದು ಮೂವತ್ತೆಂಟು.